ಓದಲೇಬೇಕಾದ ಪುಸ್ತಕಗಳ ಹಿಂಬದಿ

ಆ ಪಟ್ಟಿಯಲ್ಲಿ ಹನ್ನೊಂದು ಪುಸ್ತಕಗಳಿದ್ದವು. ಹನ್ನೆರಡೂ ಇರಬಹುದು. ತಲೆಬರಹ ಮಾತ್ರ ಖಚಿತ: ‘ಹೆಣ್ಣು, ಜಾತಿ, ಬಣ್ಣ – ಓದಲೇಬೇಕಾದವು’. ಬೈಲಹೊಂಗಲದ ನಮ್ಮ ಶಾಲೆಯಲ್ಲಿ ಶನಿವಾರ ಮಕ್ಕಳು ಹೋದ ಮೇಲೆ ಆರೇಳು ಶಿಕ್ಷಕಿಯರು ಕೂತು ಓದುತ್ತಿದ್ದೆವು. ಪಟ್ಟಿ ಮಾಡುವ ಕೆಲಸವನ್ನು ನಾನೇ ಕೇಳಿ ಪಡೆದಿದ್ದೆ. ಕರಿಯರ ಮೇಲೆ ಬಿಳಿಯರು ನಡೆಸಿದ ದಬ್ಬಾಳಿಕೆಯ ಪುಸ್ತಕಗಳು ಮೊದಲು, ನಮ್ಮ ಊರುಕೇರಿಗಳವು ಆಮೇಲೆ. ಯಾಕೆ ಆ ಕ್ರಮ ಎಂದು ಆಗ ಯೋಚಿಸಲಿಲ್ಲ. ಯೋಚಿಸಿದ್ದೆನೇನೋ, ದೂರದ್ದನ್ನು ಓದುವುದು ಸುಲಭ ಎಂದು.

ಆ ಪಟ್ಟಿಯನ್ನು ಬರೆದದ್ದು ಒಂದು ಪುಸ್ತಕದಲ್ಲಿ ಗುರುತಿಗೆ ಇಟ್ಟಿದ್ದ ಹಾಳೆಯ ಖಾಲಿ ಬದಿಯಲ್ಲಿ.

ನಮ್ಮಲ್ಲಿ ಎಲ್ಲರಿಗಿಂತ ಕಿರಿಯಳು ಕಟಕೋಳದ ಶಿಕ್ಷಕಿ. ಆ ಹಾಳೆಯನ್ನು ಝರಾಕ್ಸ್ ಮಾಡಿಸಿಕೊಂಡು ಬಂದು ಎಲ್ಲರಿಗೂ ಹಂಚಿದಳು. ಅಂಗಡಿಯವನು ಕೇಳದೆಯೇ ಎರಡೂ ಬದಿ ತೆಗೆದುಕೊಟ್ಟಿದ್ದ. ಮೊದಲು ಹಾಳೆ ತಿರುಗಿಸಿದವರು ಯಾರೋ ನೆನಪಿಲ್ಲ. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ತಿರುಗಿಸಿದ್ದು ನೆನಪಿದೆ.

ಹಿಂಬದಿಯಲ್ಲಿ ಆ ಕಿರಿಯ ಶಿಕ್ಷಕಿಯ ತಂಗಿಯ ಮದುವೆಯ ಬಯೊಡಾಟಾ ಇತ್ತು. ಸವದತ್ತಿಯ ನನ್ನ ಅಕ್ಕನ ಮಗನಿಗೆ ತೋರಿಸಿರೆಂದು ಹಿಂದಿನ ವರ್ಷ ಅವಳೇ ನನಗೆ ಕೊಟ್ಟದ್ದು. ಎತ್ತರ, ನಕ್ಷತ್ರ, ಓದು. ಬಣ್ಣ: ಸಾದಗಪ್ಪು. ಆ ಶಬ್ದದ ಸುತ್ತ ಪೆನ್ನಿನ ಗೆರೆ, ಪಕ್ಕದಲ್ಲಿ ಕೈಬರಹ: ‘ಬಣ್ಣ ಕಮ್ಮಿ. ಜಾತಕ ಕೂಡಲಿಲ್ಲ ಅಂತ ಹೇಳೋದು.’

ಅದನ್ನು ಬರೆದವಳು ಅಕ್ಕ. ಹಾಗೆ ಹೇಳುವುದು ಬೇಡವೆಂದು ನಾನು ಜಗಳವಾಡಿದ್ದೆ. ಜಗಳದ ಮಾತುಗಳಷ್ಟೇ ಅಲ್ಲ, ಆಗ ಅವಳು ಶೇಂಗಾ ಹುರಿಯುತ್ತಿದ್ದ ವಾಸನೆಯೂ ನನ್ನ ನೆನಪಿನಲ್ಲಿತ್ತು. ಹಾಗಾಗಿ ಅದು ಅಕ್ಕ ಬರೆದದ್ದು ಎಂದು ಎಲ್ಲರೆದುರು ಹೇಳಿದೆ. ಸುಳ್ಳು ಹೇಳುತ್ತಿದ್ದೇನೆ ಎಂದು ಅನಿಸಲೇ ಇಲ್ಲ.

ಕಿರಿಯ ಶಿಕ್ಷಕಿ ಹಾಳೆಯನ್ನು ಆ ಕಡೆ ಈ ಕಡೆ ಎರಡು ಸಲ ತಿರುಗಿಸಿದಳು.

“ಅಕ್ಕೋರ, ಮುಂದ ಬರೆದಿದ್ದ ‘ಬಣ್ಣ’ ನೋಡ್ರಿ, ಹಿಂದಿಂದೂ ನೋಡ್ರಿ. ಎರಡೂ ಒಂದ ಕೈಬರಹ ಅದ.”

ನೋಡಿದೆ. ಣ್ಣ ಬರೆಯುವಾಗ ನಾನು ಒತ್ತಕ್ಷರದ ಬಾಲವನ್ನು ಉದ್ದಕ್ಕೆ ಎಳೆಯುತ್ತೇನೆ. ಎರಡೂ ಬದಿ ಬಾಲವಿತ್ತು. ಹಾಗಾದರೆ ಆ ಜಗಳ? ಆ ವಾಸನೆ?

ಅವಳು ಮುಂದೆ ಹೇಳಿದ್ದನ್ನು ಕೂತು ಕೇಳಬೇಕಾಯಿತು. ಜಾತಕ ಕೂಡಲಿಲ್ಲವೆಂಬ ನಮ್ಮ ಮಾತು ನಂಬಿ ಮನೆಯಲ್ಲಿ ತಂಗಿಯ ಜಾತಕದಲ್ಲೇ ದೋಷವೆಂದುಕೊಂಡಿದ್ದರು. ಆಮೇಲೆ ಬಂದ ಎರಡು ಗಂಡಿನ ಕಡೆಯವರಿಗೂ, ಮುಚ್ಚಿಡಬಾರದೆಂದು, ತಂದೆಯೇ ಅದನ್ನು ಹೇಳಿ ಕಳಿಸಿದ್ದರು. ಕಿತ್ತೂರಿನ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿದ್ದರೂ ದೋಷ ಕಳೆಯುವ ತನಕ ಹೊರಗೆ ಬೇಡವೆಂದು ಅವಳನ್ನು ಮನೆಯಲ್ಲೇ ಇಟ್ಟಿದ್ದರು. ಶಾಲೆಯವರು ಕಾಯುವುದು ಸೋಮವಾರದವರೆಗೆ ಮಾತ್ರ.

“ಅಪ್ಪಾರಿಗೆ ಫೋನ್ ಹಚ್ಚತೇನಿ, ನೀವ ಹೇಳ್ರಿ. ನಾ ಹೇಳಿದ್ರ ತಂಗಿ ಪರವಾಗಿ ಮಾತಾಡತಾಳ ಅಂತಾರ.”

ನಾಳೆ ಕಟಕೋಳಕ್ಕೇ ಬಂದು ಹೇಳುತ್ತೇನೆ ಎಂದೆ. ಅಷ್ಟರಲ್ಲಿ ಆ ಕಡೆ ಫೋನು ರಿಂಗಾಗುತ್ತಿತ್ತು. ಉಳಿದವರು ಪುಸ್ತಕಗಳ ಪಟ್ಟಿಯನ್ನೇ ನೋಡುತ್ತ ಕೂತರು.

ತಂದೆ ನನ್ನ ಆರೋಗ್ಯ ಕೇಳಿದರು, ಚಹಾ ಆಯಿತೇ ಎಂದರು. ಜಾತಕವನ್ನು ನಾವು ಯಾರಿಗೂ ತೋರಿಸಿಯೇ ಇರಲಿಲ್ಲ ಎಂದೆ.

“ಮತ್ಯಾಕ ಬ್ಯಾಡ ಅಂದ್ರಿ?”

ಬಣ್ಣ ಎಂದೆ. ಅವರು ಬೈಯಲಿಲ್ಲ. ಒಳಗಿನಿಂದ ಮಗಳನ್ನು ಕರೆದು, ಇದನ್ನು ನೀನೇ ಕೇಳು ಎಂದು ಫೋನು ಕೊಟ್ಟರು. ನಾವು ನೋಡಲೂ ಹೋಗದ ಹುಡುಗಿ. ಮತ್ತೆ ಅದೇ ಎರಡು ಮಾತು ಹೇಳಿದೆ, ಈ ಸಲ ಅವಳಿಗೆ. ಅವಳು ಫೋನು ಕೈಯಲ್ಲಿರುವಂತೆಯೇ ತಂದೆಯನ್ನು ಕೇಳಿದಳು:

“ಅಪ್ಪಾ, ಹಂಗಾರ ಸೋಮವಾರ ನಾ ಕಿತ್ತೂರಿಗೆ ಹೋಗ್ಲೇನು?”

ಅವರು ಏನೋ ಅಂದರು. ‘ಹೋಗು’ ಅಂದಂತೆ ಕೇಳಿಸಿತು. ಹಾಗೆ ಕೇಳಿಸಲೆಂದು ನನಗೆ ಆಸೆಯಿತ್ತು, ಆದ್ದರಿಂದ ನನ್ನ ಕಿವಿಯನ್ನು ನಂಬುವುದಿಲ್ಲ.