ಮೂಸದ ಪರಿಮಳ

ಅಮ್ಮನಿಗೆ ಜ್ವರ ಬಂದು ವಾಸನೆ ತಿಳಿಯದಂತಾಗಿ ಆಗ ಒಂದು ವರ್ಷವಾಗಿತ್ತು. ಜ್ವರ ಬಿಟ್ಟಿತು, ವಾಸನೆ ಮರಳಲಿಲ್ಲ. ಒಗ್ಗರಣೆ ಸೀದರೂ, ಒಲೆ ಆರಿ ಗ್ಯಾಸ್ ಸೋರಿದರೂ ಅವಳಿಗೆ ಗೊತ್ತಾಗುತ್ತಿರಲಿಲ್ಲ. ಅಪ್ಪ ಕೆಲಸದ ಮೇಲೆ ತಿಂಗಳುಗಟ್ಟಲೆ ಟೆಕ್ಸಸ್‌ನಲ್ಲಿರುತ್ತಿದ್ದರು. ನಾನು ಶುಕ್ರವಾರ ರಾಚೆಸ್ಟರ್ ಹಿಲ್ಸ್‌ನಿಂದ ಡ್ರೈವ್ ಮಾಡಿಕೊಂಡು ಅಮ್ಮನಿದ್ದ ನೇಪರ್‌ವಿಲ್‌ಗೆ ಬರುತ್ತಿದ್ದೆ. ಭಾನುವಾರ ಹೊರಡುವ ಮೊದಲು ಒಲೆಯ ನಾಬ್‌ಗಳನ್ನೆಲ್ಲ ಮುಟ್ಟಿ ನೋಡುತ್ತಿದ್ದೆ.

ಪರಿಚಿತ ಪರಿಮಳಗಳನ್ನು ದಿನಾ ಮೂಸಿ ಅಭ್ಯಾಸ ಮಾಡಬೇಕೆಂದು ಡಾಕ್ಟರು ಹೇಳಿದ್ದರು. ಅದಕ್ಕೇ ಗುಲಾಬಿ ಮತ್ತು ಶ್ರೀಗಂಧದ ಒಂದು ಪರ್ಫ್ಯೂಮ್ ತಂದೆ. ವೃಂದಾವನದ ಒಂದು ವನವೇ ಅದಕ್ಕೆ ಸ್ಫೂರ್ತಿಯೆಂದು ಪೆಟ್ಟಿಗೆಯ ಮೇಲಿತ್ತು. ಅಮ್ಮ ಅದನ್ನು ಓದಿದವಳೇ ನನ್ನ ಕೈ ಹಿಡಿದಳು.

"ಮೂಸ್ಬೇಡ ಕಣೆ. ದೇವರಿಗೆ ತಂದ ಹೂವನ್ನ ಮೂಸ್ತೀವಾ? ಮೊದಲು ಅವನ ಮುಂದೆ ಇರಲಿ."

ನಿನ್ನ ಮೂಗಿಗೆಂದು ತಂದದ್ದು ಎಂದೆ.

"ಒಂದು ವರ್ಷ ಕಾದಿದೆ ಈ ಮೂಗು. ಇನ್ನೊಂದು ರಾತ್ರಿ ಕಾಯತ್ತೆ ಬಿಡು."

ದಿನಸಿ ಇಡುವ ಪ್ಯಾಂಟ್ರಿಯ ಕಪಾಟೇ ನಮ್ಮ ದೇವರ ಮನೆ. ಸೀಲು ಒಡೆಯದ ಪೆಟ್ಟಿಗೆ ಅಲ್ಲಿ ಕೂತಿತು. ಆ ವನದಲ್ಲಿ ಕತ್ತಲಾದ ಮೇಲೆ ಪೂಜಾರಿಗಳೂ ಇರುವಂತಿಲ್ಲವಂತೆ. ರಾತ್ರಿ ಅಲ್ಲಿಗೆ ಬರುವ ದೇವರಿಗೆಂದು ಹಾಸಿಗೆ ಹಾಸಿ, ವೀಳ್ಯ ಇಟ್ಟು, ಬೀಗ ಹಾಕಿ ಬರುತ್ತಾರಂತೆ. ಬೆಳಗ್ಗೆ ಹಾಸಿಗೆ ಮುದುಡಿರುತ್ತದಂತೆ. ಅಮ್ಮ ಇದನ್ನು ಪಾತ್ರೆ ಒರೆಸುತ್ತ, ಪಕ್ಕದ ಮನೆಯ ಸುದ್ದಿಯ ಹಾಗೆ ಹೇಳಿ ಪ್ಯಾಂಟ್ರಿಯ ಬಾಗಿಲು ಮುಚ್ಚಿದಳು.

ಮರುದಿನ ಬೆಳಗ್ಗೆ ನಾನು ಕೆಳಗಿಳಿದಾಗ ಅವಳು ಅಡುಗೆಮನೆಯ ನಡುವೆ ಅಲುಗಾಡದೆ ನಿಂತಿದ್ದಳು. ವಾಸನೆ ಬಂತು ಎಂದಳು. ಮೊದಲು ಗುಲಾಬಿ, ಹಿಂದೆಯೇ ಗಂಧ. ಇನ್ನು ನೀನು ಪ್ರತಿ ವಾರ ಓಡಿ ಬರುವುದು ಬೇಡ ಎಂದಳು. ಅವಳ ಮುಖ ಅಷ್ಟು ಅರಳಿದ್ದನ್ನು ನಾನು ನೋಡಿ ಬಹಳ ದಿನವಾಗಿತ್ತು.

ಪೆಟ್ಟಿಗೆ ನೋಡಿದೆ. ಸೀಲು ಹಾಗೇ ಇತ್ತು. ನನಗೆ ಬಂದದ್ದು ಸೀದ ವಾಸನೆ ಮಾತ್ರ. ಒಲೆಯ ಮೇಲೆ ಉಪ್ಪಿಟ್ಟಿನ ರವೆ ಕಪ್ಪಾಗುತ್ತಿತ್ತು, ಅಮ್ಮನ ಕೈಗೆ ಎಟುಕುವಷ್ಟು ಹತ್ತಿರದಲ್ಲಿ.

ಒಲೆ ಆರಿಸಿದೆ. ಸೀಲು ಒಡೆದು ಬಾಟಲಿಯನ್ನು ಅವಳ ಮೂಗಿನ ಬಳಿ ಹಿಡಿದೆ. ಅದರ ಘಾಟಿಗೆ ನನ್ನ ಕಣ್ಣು ಉರಿಯಿತು. ಅವಳು ಎರಡು ಸಲ ಮೂಸಿದಳು.

"ಇದರಲ್ಲಿ ಏನೂ ಇಲ್ವಲ್ಲ." ಹಿತ್ತಲ ಬಾಗಿಲ ಕಡೆ ಕೈ ತೋರಿಸಿದಳು. "ಅದು ಅಲ್ಲಿಂದ ಬರ್ತಿದೆ. ಅಲ್ಲೇ ನಿಂತಿದೆ."

ಬಾಗಿಲ ಗಾಜಿನಾಚೆ, ಮರದ ಡೆಕ್ಕಿನ ಹಿಮದ ಮೇಲೆ ಒಂದು ಹೆಜ್ಜೆ ಗುರುತೂ ಇರಲಿಲ್ಲ.

ಆ ಭಾನುವಾರ ನಾನು ಹೊರಡಲಿಲ್ಲ. ಇಲ್ಲಿಂದಲೇ ಕೆಲಸ ಮಾಡುತ್ತೇನೆಂದು ಮ್ಯಾನೇಜರಿಗೆ ತಿಳಿಸಿದೆ. ಒಲೆಯನ್ನು ನಾನೇ ನೋಡಿಕೊಳ್ಳುವೆನೆಂದು ಅಮ್ಮನಿಗೆ ಹೇಳಿದೆ. ಬಾಟಲಿಯನ್ನು ಚೀಲದಲ್ಲಿ ಬಿಗಿದು ಕಾರಿನ ಡಿಕ್ಕಿಯಲ್ಲಿಟ್ಟೆ.

ಮಂಗಳವಾರ ಬೆಳಗ್ಗೆ ಅಮ್ಮ ಸ್ನಾನಕ್ಕೆ ಹೋದಾಗ ಹಾಲು ಕಾಯಲಿಟ್ಟು ಲ್ಯಾಪ್‌ಟಾಪ್ ತೆರೆದೆ. ಹಿತ್ತಲ ಬಾಗಿಲ ಕಡೆಯಿಂದ ಗುಲಾಬಿ ಬಂತು, ತಣ್ಣಗೆ, ಹಿಂದೆಯೇ ಗಂಧ. ಬಾಟಲಿಯ ಘಾಟು ಅದರಲ್ಲಿರಲಿಲ್ಲ. ಎದ್ದು ಹೋಗಿ ಅಲ್ಲಿ ನಿಂತೆ. ಎಷ್ಟು ಹೊತ್ತು ನಿಂತೆನೋ ತಿಳಿಯದು.

ಹೊಗೆಯ ಅಲಾರಂ ಕೂಗಿದಾಗ ತಿರುಗಿ ನೋಡಿದೆ. ಹಾಲು ಉಕ್ಕಿ, ಬತ್ತಿ, ಪಾತ್ರೆಯ ತಳ ಕರಕಲಾಗಿತ್ತು. ಅಡುಗೆಮನೆಯ ತುಂಬ ಹೊಗೆ. ಅದರ ವಾಸನೆ ನನಗೆ ಬರುತ್ತಿರಲಿಲ್ಲ.