ಎಲೆ ಅಡಿಕೆಯ ಅಳತೆಗೆ ಸಿಗದ ದಾರಿ

ಚಿಪ್ಪಗಿರಿಯ ಉಚ್ಚೀರಪ್ಪ ಕುರಿ ಹೊಡೆದುಕೊಂಡು ಸಂತೆಯಿಂದ ಸಂತೆಗೆ ನಡೆದವನು. ದಾರಿಯನ್ನು ಅವನು ಎಲೆ ಅಡಿಕೆಯಲ್ಲಿ ಅಳೆಯುತ್ತಿದ್ದ. ಮದ್ದಿಕೇರ ಎಷ್ಟು ದೂರ ಎಂದು ಕೇಳಿದರೆ, "ನಾಕು ಸಲ ಎಲಿ ಹಾಕ್ಕೋ, ಐದನೇದಕ್ಕ ಊರು ಬರ್ತೈತಿ" ಎನ್ನುವನು. ಅಂದಂತೆಯೇ ಆಗುತ್ತಿತ್ತು. ಅದಕ್ಕೇ ಊರ ಕಟ್ಟೆಯ ಮೇಲೆ ಅವನಿಗೊಂದು ಜಾಗ ಕಾಯಂ.

ಒಂದು ದಿನ ಆ ಜಾಗದಲ್ಲಿ ಹೆಂಡತಿಯ ತಮ್ಮ ಪಕೀರಪ್ಪ ಕೂತಿದ್ದ. ಬಳ್ಳಾರಿಗೆ ಟಪಾಲಿನ ವಿಮಾನ ಹೊಸದಾಗಿ ಬರುತ್ತಿದ್ದ ಕಾಲ. ಅದು ಇಳಿಯುವ ಮೈದಾನದಲ್ಲಿ ಹುಲ್ಲು ಕೊಯ್ಯುವ ಕೆಲಸ ಅವನದು. "ಬಳ್ಳಾರಿ ಬಿಟ್ರ ಮೂರೇ ತಾಸಿಗೆ ಮದ್ರಾಸ್ ಮುಟ್ತೈತ್ರಿ!" ಎನ್ನುತ್ತಿದ್ದ. ಮಂದಿ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ಉಚ್ಚೀರಪ್ಪ ಕಟ್ಟೆ ಹತ್ತದೆ ಅಲ್ಲಿಂದಲೇ ತಿರುಗಿದ. ಮನೆಗೆ ಬಂದರೆ ಹೆಂಡತಿ ಹುಲುಗಮ್ಮನೂ ರೊಟ್ಟಿ ಬಡಿಯುತ್ತ ತಮ್ಮನನ್ನೇ ಹೊಗಳಿದಳು.

"ಮಾಮಾ, ಮದ್ರಾಸಿಗೆ ಎಷ್ಟು ಎಲಿ ದಾರಿ?" ಎಂದು ಹಿಂದೆಯೇ ಮನೆಗೆ ಬಂದ ಪಕೀರಪ್ಪ ಕೆಣಕಿದ.

"ನೋಡಿ ಬಂದು ಹೇಳ್ತೀನಿ" ಎಂದವನೇ ಉಚ್ಚೀರಪ್ಪ ಬಳ್ಳಾರಿಗೆ ನಡೆದುಬಿಟ್ಟ. ವಿಮಾನ ಗುಡುಗುತ್ತ ಮೇಲೇಳುತ್ತಲೇ ಎಲೆ ತೆಗೆದ. ಸುಣ್ಣ ಹಚ್ಚಿ, ಅಡಿಕೆ ಇಟ್ಟು, ಮಡಿಸಿ ತಲೆಯೆತ್ತಿದರೆ ಬರೀ ಆಕಾಶ. ಎಲೆ ಇನ್ನೂ ಕೈಯಲ್ಲೇ ಇತ್ತು.

ಊರಿಗೆ ಮರಳಿದಾಗ ಪಕೀರಪ್ಪ ಅದೇ ಜಾಗದಲ್ಲಿ ಕೂತು ನಗುತ್ತಿದ್ದ. "ಎಷ್ಟಾತೋ ಯಪ್ಪಾ?" ಎಂದು ಮಂದಿ ಮುತ್ತಿದರು.

"ಜೋರು ಐತಿ, ಇಲ್ಲ ಅನ್ನಂಗಿಲ್ಲ," ಎಂದ ಉಚ್ಚೀರಪ್ಪ. "ಆದ್ರ ಮದ್ರಾಸ್‌ತನಕ ಉಗುಳಾಕ ಒಂದು ಕಡೆನೂ ಇಳಿಯಂಗಿಲ್ಲ. ಅದೂ ಒಂದು ದಾರಿ ಏನಲೇ? ಏಳು, ನನ್ನ ಜಾಗ ಬಿಡು!"

ಕಟ್ಟೆಯೆಲ್ಲ ನಕ್ಕಿತು. ಪಕೀರಪ್ಪ ಎದ್ದ. ಉಚ್ಚೀರಪ್ಪ ಕೂತು, ಬಳ್ಳಾರಿಯಲ್ಲಿ ಮಡಿಸಿದ್ದ ಆ ಬಾಡಿದ ಎಲೆಯನ್ನು ಆಗ ಬಾಯಿಗಿಟ್ಟ.