ನೋಯದ ಕಾಲು

ಚೆನ್ನೈನ ವಡಪಳನಿಯ ನಮ್ಮ ಹೋಟೆಲಿನ ಅಡುಗೆಮನೆಯಲ್ಲಿ, ದೇವರ ಪಟದ ಪಕ್ಕ, ನನ್ನ ಅತ್ತೆಯ ಮುಲಾಮಿನ ಡಬ್ಬಿ ಇರುತ್ತಿತ್ತು. ಮೆಡಿಕಲ್ ಶಾಪಿನ ಆಂಟಿಬಯೋಟಿಕ್ ಟ್ಯೂಬನ್ನು ಪೂರ್ತಿ ಹಿಂಡಿ, ಲೋಳೆಸರದ ತಿರುಳು, ಅರಿಶಿನ ಬೆರೆಸಿ, ಕೊನೆಗೆ ವಿಟಮಿನ್ ಗುಳಿಗೆಯನ್ನು ಸೂಜಿಯಿಂದ ಚುಚ್ಚಿ ಅದರ ಎಣ್ಣೆ ಸೇರಿಸಿ ಕಲಸುವರು. "ಟ್ಯೂಬಿನ ಮದ್ದು ಕೀವು ಆಗ್ಲಿಕ್ಕೆ ಬಿಡುದಿಲ್ಲ, ಅರಿಶಿನ ಒಣಗಿಸ್ತದೆ, ವಿಟಮಿನ್ ಚರ್ಮ ತರ್ತದೆ" ಎನ್ನುವರು. ಯಾವ ಡಾಕ್ಟರೂ ಹೇಳಿಕೊಟ್ಟದ್ದಲ್ಲ. ಆದರೂ ಕಾವಲಿ ತಾಗಿದ ಕೈ, ಎಣ್ಣೆ ಸಿಡಿದ ಮೊಣಕೈ ಎಲ್ಲ ಅದರಲ್ಲೇ ವಾಸಿಯಾಗುತ್ತಿದ್ದವು. ಅದೇ ನನಗೆ ಹೊಟ್ಟೆಯುರಿ. ಒಮ್ಮೆಯಾದರೂ ಸೋತಿದ್ದರೆ ಡಬ್ಬಿಯನ್ನು ಎಂದೋ ಎಸೆದಿರುತ್ತಿದ್ದೆ.

ಅಲ್ಲಿನ ಮುಖ್ಯ ಅಡುಗೆಯವರು ನನ್ನ ಗಂಡ. ಸಕ್ಕರೆ ಕಾಯಿಲೆಯವರು. ಮೊದಲ ಇಡ್ಲಿಯನ್ನು ದೇವರಿಗಿಡುವ ಅಡುಗೆಮನೆ ಎಂದು ಒಳಗೆ ಯಾರೂ ಚಪ್ಪಲಿ ಮೆಟ್ಟುವಂತಿಲ್ಲ. ಒಂದು ಬೆಳಿಗ್ಗೆ ಕುದಿಯುವ ಸಾಂಬಾರು ಅವರ ಬಲಪಾದದ ಮೇಲೆ ಚೆಲ್ಲಿತು. ಅವರು ಕೂಗಲಿಲ್ಲ. ಬಟ್ಟೆಯಲ್ಲಿ ಒರೆಸಿಕೊಂಡು ಮತ್ತೆ ಸೌಟು ಹಿಡಿದರು.

"ಆಸ್ಪತ್ರೆಗೆ ಹೋಗುವ" ಎಂದೆ.

"ನೋವೇ ಇಲ್ಲ ಮಾರಾಯ್ತಿ" ಎಂದರು.

"ನನ್ನ ಮದ್ದು ಹಚ್ಚಿದ ಮೇಲೆ ನೋವು ಎಲ್ಲಿಂದ ಬರ್ಬೇಕು?" ಎಂದರು ಅಷ್ಟರಲ್ಲೇ ಮುಲಾಮು ಸವರುತ್ತಿದ್ದ ಅತ್ತೆ. ತಾಯಿ ಮಗ ಒಂದಾದರೆ ನನ್ನ ಮಾತನ್ನು ಕೇಳುವವರು ಯಾರು?

ದಿನವೂ ಒಲೆಯ ಬಳಿಯೇ ಮುಲಾಮು ಹಚ್ಚುವುದು ನಡೆಯಿತು. ಒಂದು ದಿನ ಗುಳಿಗೆ ಚುಚ್ಚುವಾಗ ಅತ್ತೆಯ ಕೈಯಿಂದ ಸೂಜಿ ಜಾರಿ ಬಿತ್ತು. ಗುಡಿಸಿದರೂ ಸಿಗಲಿಲ್ಲ. "ತುಳಿದವ್ರು ಕೂಗ್ತಾರೆ, ಆಗ ಸಿಕ್ತದೆ" ಎಂದರು. ಯಾರೂ ಕೂಗಲಿಲ್ಲ. ಮೋರಿಗೆ ಹೋಗಿರಬೇಕೆಂದು ಹೊಸ ಸೂಜಿ ಬಂತು.

ಸುಟ್ಟ ಜಾಗ ಚೆನ್ನಾಗಿ ಮಾಯ್ದು ಎಳೆಯ ಚರ್ಮ ಬಂತು. ಅತ್ತೆ ಅದನ್ನು ಗಿರಾಕಿಗಳಿಗೂ ತೋರಿಸಿದರು. ಆದರೆ ಬಾಗಿಲ ಹೊರಗೆ ಬಿಟ್ಟ ಬಲಗಾಲಿನ ಚಪ್ಪಲಿ ನನ್ನ ಗಂಡನ ಪಾದಕ್ಕೆ ಹಿಡಿಯದಾಯಿತು. ನಿಂತು ನಿಂತು ಊದಿದೆ ಎಂದರು. ಅಡುಗೆಮನೆಯಲ್ಲಿ ಏನೋ ಕೊಳೆತ ವಾಸನೆ ಸುಳಿಯತೊಡಗಿತು. ಮೋರಿಗೆ ಫಿನಾಯಿಲ್ ಸುರಿದೆವು, ಹಳೆಯ ತರಕಾರಿ ಎಸೆದೆವು. ವಾಸನೆ ಹೋಗಲಿಲ್ಲ. ಅವರು ಒಲೆ ಬಿಟ್ಟು ಆಚೆ ಹೋದಾಗ ಮಾತ್ರ ಹೋಗುತ್ತಿತ್ತು. ಅದು ನನಗೆ ಹೊಳೆದ ದಿನವೇ ಅವರಿಗೆ ಚಳಿಜ್ವರ ಬಂತು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಅಂಗಾಲನ್ನು ಒತ್ತಿ, "ವಲಿಕ್ಕುದಾ?" ಎಂದು ತಮಿಳಿನಲ್ಲಿ, ನೋಯುತ್ತದಾ ಎಂದು ಕೇಳಿದರು.

"ಇಲ್ಲೈ ಡಾಕ್ಟರ್" ಎಂದರು ನನ್ನ ಗಂಡ, ಸ್ವಲ್ಪ ಹೆಮ್ಮೆಯಿಂದಲೇ.

ಡಾಕ್ಟರಮ್ಮನ ಮುಖ ಬದಲಾಯಿತು. ಸಕ್ಕರೆ ಕಾಯಿಲೆ ಪಾದದ ನರಗಳನ್ನು ಸಾಯಿಸಿದೆ, ನೋವಿಲ್ಲದ್ದು ಮದ್ದಿನ ಗುಣವಲ್ಲ ಎಂದರು. ಎಕ್ಸ್‌ರೇ ತೆಗೆಸಿದರು. ಅಂಗಾಲಿನ ಮೂಳೆಗಳ ಸಂದಿಯಲ್ಲಿ ನೆಟ್ಟಗೆ ಒಂದು ಬಿಳಿ ಗೀಟು ಕಂಡಿತು.

ಅತ್ತೆ ಹತ್ತಿರ ಬಂದು ನೋಡಿದರು. "ಅದು ನನ್ನ ಸೂಜಿ" ಎಂದರು.

ನನಗೆ ಸಿಟ್ಟು ಬರಬೇಕಿತ್ತು. ಬರೀ ಭಯವಾಯಿತು. ಕೀವು ಮೂಳೆಗೆ ಇಳಿದಿದೆ, ಇಷ್ಟನ್ನಾದರೂ ಕತ್ತರಿಸಿ ತೆಗೆಯಲೇಬೇಕು ಎನ್ನುತ್ತ ಡಾಕ್ಟರಮ್ಮ ಪಾದದ ಮೇಲೆ ಪೆನ್ನಿನಿಂದ ಅಡ್ಡಗೆರೆ ಎಳೆದರು. ಗೆರೆ ಕಣಕಾಲಿನ ಹತ್ತಿರವಿತ್ತು. ಅತ್ತೆ ಬರಿಸಿದ್ದ ಆ ಚಂದದ ಎಳೆ ಚರ್ಮವೆಲ್ಲ ತೆಗೆಯುವ ಭಾಗದಲ್ಲೇ ಇತ್ತು.